ಮಳವಳ್ಳಿಯಲ್ಲಿ ಬಿಟ್ಟು ಬಂದ ಸ್ಟೆಬಿಲೈಜರ್

ಹನಕೆರೆಯಿಂದ ಮಂಡ್ಯಕ್ಕೆ ದಿನಾ ರೈಲಿನಲ್ಲಿ ಹೋಗಿಬಂದು ನೌಕರಿ ಮಾಡಿದ ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಹಸಿವು. ಊಟದ ಹೊತ್ತಿನಲ್ಲಿ ಎಲ್ಲರೂ ಕ್ಯಾರಿಯರ್ ಬಿಚ್ಚಿದರೆ ನಾನು ಪಕ್ಕದ ಮೇಜಿನ ಹಾಳೆಗಳನ್ನು ಎಳೆದುಕೊಳ್ಳುತ್ತಿದ್ದೆ. ಆ ಮೇಜಿನ ಹಿರಿಯ ಗುಮಾಸ್ತರು ಬೆಳಿಗ್ಗೆಯಿಂದ ಕೂಡಿಟ್ಟ ಮೊತ್ತಗಳನ್ನೆಲ್ಲ ಮತ್ತೆ ಕೂಡಿ, ತಪ್ಪು ಕಂಡಲ್ಲಿ ಅವರದೇ ಅಕ್ಷರದಂತೆ ತಿದ್ದಿ, ಮೂರು ಗಂಟೆಗೆ ತಣ್ಣಗಾದ ಮುದ್ದೆ ತಿನ್ನುತ್ತಿದ್ದೆ. ಒಂದು ದಿನವಲ್ಲ ಎರಡು ದಿನವಲ್ಲ, ಹೆಚ್ಚುಕಡಿಮೆ ಒಂದು ವರ್ಷ.

ನಮ್ಮದು ಬೆಳೆಯ ಅಂದಾಜು ಹಾಕುವ ಸಣ್ಣ ಕಚೇರಿ. ಯಾವ ಹಳ್ಳಿಯಲ್ಲಿ ಭತ್ತ ಎಷ್ಟು ಬಂತು, ಕಬ್ಬು ಎಷ್ಟು ಬಂತು ಎಂಬ ಅಂಕಿಗಳು ತಾಲ್ಲೂಕುಗಳಿಂದ ಬರುತ್ತಿದ್ದವು, ನಾವು ಕೂಡಿ ಕಳಿಸುತ್ತಿದ್ದೆವು. ಆ ಕೆಲಸವನ್ನು ನನಗೆ ಕಲಿಸಿದವರು ಅದೇ ಹಿರಿಯರು. ನಾನು ಗದ್ದೆಯ ಕಡೆಯಿಂದ ಬಂದವನು, ಅವರು ಪೇಟೆಯವರು. ಆದರೂ ನನ್ನನ್ನು ಎಂದೂ ಹಗುರವಾಗಿ ನೋಡಲಿಲ್ಲ. ಆ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಡಾಕ್ಟರು ಪೊರೆ ಇನ್ನೂ ಬಲಿತಿಲ್ಲ, ಬಲಿತ ಮೇಲೆ ಬನ್ನಿ, ತೆಗೆಯೋಣ ಎಂದಿದ್ದರಂತೆ. ಆಗಿನ ಚಿಕಿತ್ಸೆ ಹಾಗೇ ಇತ್ತು. ಪೊರೆ ಬಲಿಯುವ ತನಕ ಹೇಗಾದರೂ ಅವರ ಕುರ್ಚಿ ಉಳಿಯಬೇಕಿತ್ತು. ಕಣ್ಣು ಕಾಣುವುದಿಲ್ಲ ಎಂದು ಮೇಲಿನವರಿಗೆ ಗೊತ್ತಾದರೆ ಅನರ್ಹ ಎಂದು ಬರೆದು ಅಲ್ಲಿಗೇ ಮನೆಗೆ ಕಳಿಸುತ್ತಿದ್ದರು.

ಇಂಥ ಹೊತ್ತಿನಲ್ಲಿ ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ ನಮ್ಮ ಕಚೇರಿಗೆ ಕರೆಂಟಿನ ಲೆಕ್ಕದ ಯಂತ್ರ ಬಂತು. ಮೇಜಿನ ಅರ್ಧ ಜಾಗ ಹಿಡಿಯುವ ಪೆಟ್ಟಿಗೆ. ಗುಂಡಿ ಒತ್ತಿದರೆ ಹಸಿರು ಅಂಕಿಗಳು ಹುಣಸೆ ಬೀಜದಷ್ಟು ದೊಡ್ಡದಾಗಿ ಹೊಳೆಯುತ್ತಿದ್ದವು. ಹಿರಿಯರು ಅದರ ಮುಂದೆ ಬಗ್ಗಿ ಕೂತು ನಾಲ್ಕು ಗುಂಡಿ ಒತ್ತಿದರು. ನನ್ನ ಕಡೆ ತಿರುಗಿ ಮೆಲ್ಲಗೆ, "ಕಾಣ್ತದಯ್ಯ" ಎಂದರು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಅಂಕಿಗಳನ್ನು ಒಬ್ಬರು ಕೂಗಿ ಇನ್ನೊಬ್ಬರು ಬರೆದುಕೊಳ್ಳುವುದು ನಮ್ಮಲ್ಲಿ ಮೊದಲಿನಿಂದ ಇದ್ದ ಪದ್ಧತಿ. ಹಾಗಾಗಿ ನಾನು ಕೂಗುವುದು, ಅವರು ಬೆರಳಿನ ಅಂದಾಜಿನಲ್ಲಿ ಒತ್ತುವುದು, ಕೊನೆಯ ಮೊತ್ತವನ್ನು ಗಟ್ಟಿಯಾಗಿ ಓದುವುದು ಎಂದಾಯಿತು. ಯಾರಿಗೂ ಅನುಮಾನ ಬರುವಂತಿರಲಿಲ್ಲ. ನನಗೂ ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿತು.

ಹದಿನೈದು ದಿನ ಸಿಕ್ಕಿತು, ಅಷ್ಟೇ. ಕಚೇರಿಯ ಹಿಂದೆ ಕಬ್ಬಿನ ಗದ್ದೆ, ಅದರಾಚೆ ಒಂದು ಆಲೆಮನೆ. ಅವರಿಗೂ ನಮಗೂ ಒಂದೇ ಟ್ರಾನ್ಸ್‌ಫಾರ್ಮರ್. ಬೆಲ್ಲದ ಕಾಲ ಶುರುವಾಗಿ ಗಾಣದ ಮೋಟಾರು ತಿರುಗಲು ಆರಂಭಿಸಿದ ಕೂಡಲೇ ನಮ್ಮ ಬಲ್ಬು ಕೆಂಪಗಾಗುತ್ತಿತ್ತು, ಯಂತ್ರದ ಅಂಕಿಗಳು ಮಾಯವಾಗುತ್ತಿದ್ದವು. ಮತ್ತೆ ಹೊತ್ತಿಕೊಂಡಾಗ ಸೊನ್ನೆ. ಅರವತ್ತು ಅಂಕಿ ಕೂಗಿ ಒತ್ತಿದ್ದು ನೀರಿಗೆ ಹೋಯಿತು. ದಿನಕ್ಕೆ ಆರೇಳು ಸಲ ಹೀಗಾದರೆ ಮನುಷ್ಯನಿಗೆ ಏನು ಉಳಿಯುತ್ತದೆ? ನಾನು ಮತ್ತೆ ಊಟದ ಹೊತ್ತಿನಲ್ಲಿ ಪೆನ್ಸಿಲ್ ಹಿಡಿದೆ.

ಸಾಹೇಬರು ಸ್ಟೆಬಿಲೈಜರ್ ತರಲು ಒಪ್ಪಿದರು. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆ ಕೊಟೇಷನ್ ತಗೊಂಡು ಅತಿ ಕಡಿಮೆಯದನ್ನು ಬರುವಾಗಲೇ ತಂದುಬಿಡು ಎಂದರು. "ಕಡಿಮೆದು ಬೇಡ ಅನ್ನಿಸಿದ್ರೆ ಯಾಕೆ ಅಂತ ಬರ್ದು ಕೊಡು, ನಾನು ಸೈನ್ ಮಾಡ್ತೀನಿ," ಎಂದೂ ಹೇಳಿದರು. ಆ ಮಾತನ್ನು ಅವರು ಹೇಳದೇ ಇದ್ದಿದ್ದರೆ ನನಗೆ ಈಗ ಎಷ್ಟೋ ನೆಮ್ಮದಿ ಇರುತ್ತಿತ್ತು.

ಮಂಡ್ಯದ ಅಂಗಡಿಯವನು ಪೆಟ್ಟಿಗೆಯ ಬಣ್ಣದ ವಿಷಯ ಬಿಟ್ಟು ಬೇರೇನೂ ಹೇಳಲಿಲ್ಲ, ಬೆಲೆ ಮಾತ್ರ ಗಟ್ಟಿಯಾಗಿ ಹೇಳಿದ. ಮದ್ದೂರಿನಲ್ಲಿ ರೇಡಿಯೊ ರಿಪೇರಿಯವನೊಬ್ಬ ತಾನೇ ಕಟ್ಟಿದ್ದು ತೋರಿಸಿದ. ಮುಳ್ಳು ಆಡುವ ಮೀಟರು, ಕೆಂಪು ದೀಪ, ಹಿಡಿಕೆ, ಒಂದೇ ಕೈಯಲ್ಲಿ ಎತ್ತಬಹುದು. ಎಲ್ಲರಿಗಿಂತ ಅಗ್ಗ. ಮಳವಳ್ಳಿಯ ಬಸ್ಸು ಹತ್ತುವಾಗಲೇ ನಾನು ಮನಸ್ಸಿನಲ್ಲಿ ಅದನ್ನೇ ಆರಿಸಿಯಾಗಿತ್ತು. ಅಲ್ಲಿಗೆ ಹೋದದ್ದು ಮೂರನೆಯ ಕಾಗದಕ್ಕಾಗಿ ಮಾತ್ರ.

ಮಳವಳ್ಳಿಯವನು ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಮೆಕ್ಯಾನಿಕ್. ಮೊದಲು ಸಾ, ಬನ್ನಿ ಸಾ ಎಂದು ಮರ್ಯಾದೆಯಿಂದ ಮಾತಾಡಿಸಿದ. ನನ್ನ ಊರು ಕೇಳಿ, ನಮ್ಮ ಕಡೆಯವನು ಎಂದು ತಿಳಿದ ಮೇಲೆ ಮಾತು ಸಲೀಸಾಯಿತು. ಯಂತ್ರದ ಕಷ್ಟವನ್ನೂ ನಾನು ಮದ್ದೂರಿನಲ್ಲಿ ನೋಡಿಬಂದ ಪೆಟ್ಟಿಗೆಯ ವಿಷಯವನ್ನೂ ಕೇಳಿಕೊಂಡು ಮೂಲೆಯಲ್ಲಿದ್ದ ಒಂದು ಕಪ್ಪು ಪೆಟ್ಟಿಗೆ ತೋರಿಸಿದ. ಮೀಟರಿಲ್ಲ, ದೀಪವಿಲ್ಲ, ಚೆಂದವಂತೂ ಇಲ್ಲವೇ ಇಲ್ಲ.

"ಎತ್ ನೋಡ್ಲಾ," ಎಂದ.

ಎತ್ತಲು ಹೋದೆ, ಸೊಂಟ ಹಿಡಿದುಕೊಂಡಿತು.

"ಒಳ್ಗೆ ತಾಮ್ರ ಕಬ್ಣ ಅವೆ, ಅದ್ಕೇ ಆ ಭಾರ. ಮದ್ದೂರ್‌ದು ಅಗುರ ಐತೆ ಅಂತೀಯಲ್ಲ, ಅದ್ರೊಳ್ಗೆ ರಿಲೇ ಅದೆ. ವೋಲ್ಟೇಜು ಇಳ್ದಾಗ ಟಕ್ ಅಂತ ಒಂದ್ ತಂತಿ ಬುಟ್ಟು ಇನ್ನೊಂದ್ ಇಡೀತದೆ. ಬುಟ್ಟು ಇಡ್ಯೋ ಗಳಿಗೇಲಿ ಕರೆಂಟು ಇರಾಕಿಲ್ಲ ಕಣ್ಲಾ. ಫ್ಯಾನಿಗೆ ಅದು ಗೊತ್ತಾಗಕಿಲ್ಲ. ನಿನ್ ಲೆಕ್ಕದ ಮಿಸಿನ್ನಿಗೆ ಗೊತ್ತಾಯ್ತದೆ."

"ಇದ್ರಲ್ಲಿ?"

"ಇದು ಗುಂಯ್ ಅಂತದೆ, ಬಿಸಿನೂ ಆಯ್ತದೆ. ಆದ್ರೆ ಇಡ್ದಿದ್ದ ಬುಡಕಿಲ್ಲ. ಮೂರ್ ಮೋಟ್ರು ಒಟ್ಗೆ ಹಾಕ್ಲಿ, ನಿನ್ ಅಂಕಿ ಅಲ್ಲೇ ಇರ್ತವೆ."

ಅವನು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಆಗಿತ್ತು. ಹೊರಗೆ ಮಧ್ಯಾಹ್ನದ ಬಿಸಿಲು. ಖಾಸಗಿ ಬಸ್ಸಿನ ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಈ ಕಲ್ಲಿನಂಥದ್ದನ್ನು ಹೊತ್ತು ಮದ್ದೂರಿಗೆ, ಅಲ್ಲಿ ಇಳಿಸಿ ಇನ್ನೊಂದು ಬಸ್ಸಿಗೆ, ಮಂಡ್ಯದ ನಿಲ್ದಾಣದಿಂದ ಕಚೇರಿಗೆ. ಆಮೇಲೆ ಕೂತು ಕಾರಣ ಬೇರೆ ಬರೆಯಬೇಕು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕೊಟೇಷನ್ ಬರೆಸಿಕೊಂಡು, ಸಾಹೇಬರನ್ನು ಕೇಳಿ ಬತ್ತೀನಿ ಎಂದು ಎದ್ದೆ. ಅವನು ನನ್ನ ಮುಖವನ್ನೇ ನೋಡಿ, "ನೀ ಬರಕಿಲ್ಲ ಬುಡು," ಎಂದ. ಅವನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ದಾರಿಯಲ್ಲಿ ಮದ್ದೂರಿನಲ್ಲಿ ಇಳಿದು ಹಗುರದ್ದನ್ನು ತಗೊಂಡೆ.

ಕಚೇರಿಯಲ್ಲಿ ಅದಕ್ಕೆ ಅರಿಶಿನ ಕುಂಕುಮ ಇಟ್ಟರು. ಮೀಟರಿನ ಮುಳ್ಳು ಆಡುವುದನ್ನು ನೋಡಲು ಎಲ್ಲರೂ ಬಂದರು. ಹಿರಿಯರಿಗೆ ಮುಳ್ಳು ಕಾಣಲಿಲ್ಲ, ಆದರೂ ನನ್ನ ಬೆನ್ನು ತಟ್ಟಿದರು. ಕೆಲವು ಸಲ ಅದು ಟಕ್ ಎಂದರೂ ಅಂಕಿಗಳು ಉಳಿದವು, ಕೆಲವು ಸಲ ಹೋದವು. ಮುಂಚಿಗಿಂತ ವಾಸಿ ಎಂದುಕೊಂಡೆವು.

ಮೂರನೆಯ ವಾರ ಮೇಲಿನಿಂದ ತನಿಖೆಗೆ ಒಬ್ಬ ಅಧಿಕಾರಿ ಬಂದರು. ಹೊಸ ಯಂತ್ರ ನೋಡುವ ಆಸೆ ಅವರಿಗೆ. ಹಿರಿಯರ ಪಕ್ಕ ಕುರ್ಚಿ ಎಳೆದುಕೊಂಡು, ಯಾವುದಾದರೂ ಹಾಳೆ ಕೂಡಿ ತೋರಿಸಿ ಎಂದರು. ನಾನು ಕೂಗಿದೆ, ಹಿರಿಯರು ಒತ್ತಿದರು. ಮೊತ್ತಕ್ಕೆ ಇನ್ನು ನಾಲ್ಕೇ ಅಂಕಿ ಬಾಕಿ ಇದ್ದಾಗ ಆಚೆ ಗಾಣ ಶುರುವಾಯಿತು. ಟಕ್. ಸೊನ್ನೆ. ಇನ್ನೊಮ್ಮೆ ಕೂಗಿದೆ. ಅರ್ಧಕ್ಕೆ ಮತ್ತೆ ಟಕ್. ಅಧಿಕಾರಿ ನಕ್ಕು, ನನ್ನ ಕೈಯಿಂದ ಹಾಳೆ ತೆಗೆದು ಹಿರಿಯರ ಮುಂದಿಟ್ಟು, "ಈ ಪೆಟ್ಟಿಗೆ ಬಿಡಿ, ನೀವು ಹಳಬರು, ಕೈಯಲ್ಲೇ ಕೂಡಿ," ಎಂದರು. ಪಾಪ, ಹೊಗಳಲೆಂದೇ ಹೇಳಿದ್ದು.

ಹಿರಿಯರು ಪೆನ್ಸಿಲ್ ತೆಗೆದುಕೊಂಡರು. ಹಾಳೆಗೆ ಮೂಗು ತಾಗುವಷ್ಟು ಬಗ್ಗಿದರು. ಒಂದೇ ಸಾಲಿನ ಮೇಲೆ ಪೆನ್ಸಿಲ್ ಎರಡು ಸಲ ಹೋಯಿತು. ಅಧಿಕಾರಿಯ ನಗು ನಿಂತಿತು. ಅವರು ಹಿರಿಯರ ಕಣ್ಣನ್ನೇ ನೋಡುತ್ತಿದ್ದರು.

ತಿಂಗಳೊಳಗೆ ಕಾಗದ ಬಂತು. ಪೂರ್ತಿ ಪಿಂಚಣಿಗೆ ಒಂದು ವರ್ಷ ಬಾಕಿ ಇರುವಾಗ ಅವರು ಛತ್ರಿ ಹಿಡಿದು ಮೆಟ್ಟಿಲಿಳಿದರು. ಅದಾದ ಮೇಲೆ ನಾನು ಮಳವಳ್ಳಿಯ ಪೆಟ್ಟಿಗೆ ಯಾಕೆ ಬೇಕು ಎಂದು ಬರೆದುಕೊಟ್ಟೆ. ಅರ್ಧ ಪುಟ ಸಾಕಾಯಿತು. ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು, ಕಂಡಕ್ಟರ್ ಕೈಲಿ ಬೈಸಿಕೊಂಡು ತಂದೆ. ಅದು ದಿನವೆಲ್ಲ ಗುಂಯ್ ಎನ್ನುತ್ತಿತ್ತು, ಮುಟ್ಟಿದರೆ ಬಿಸಿ. ಆಲೆಮನೆಯವರು ಏನೇ ಮಾಡಿದರೂ ಅಂಕಿ ಅಲುಗಲಿಲ್ಲ. ಹಿರಿಯರ ಜಾಗಕ್ಕೆ ಯಾರನ್ನೂ ಕೊಡದೆ ಅವರ ಹಾಳೆಗಳನ್ನೂ ನನ್ನ ಮೇಜಿಗೇ ಹಾಕಿದರು. ಕೂಡಿ ಕೂಡಿ ಸಾಕಾಗಿಹೋಯಿತು.

ಮಾರನೆಯ ವರ್ಷ ಅವರಿಗೆ ಪೊರೆ ತೆಗೆದರು ಎಂದು ಕೇಳಿ ನೋಡಲು ಹೋದೆ. ದಪ್ಪ ಗಾಜಿನ ಕನ್ನಡಕದೊಳಗೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಷ್ಟು ಸೊರಗಿದ್ದೀಯಯ್ಯ, ನನಗೆ ಕಾಣ್ತಾನೇ ಇರಲಿಲ್ಲ," ಎಂದರು. ಕಾಫಿ ಬಂತು. ಯಂತ್ರ ಈಗ ಹೇಗಿದೆ ಎಂದು ಕೇಳಿದರು.

ನನಗೆ ತಡೆಯಲಾಗಲಿಲ್ಲ. ಮಳವಳ್ಳಿಯ ಪೆಟ್ಟಿಗೆಯನ್ನು ಆವತ್ತೇ ನೋಡಿದ್ದೆ, ಅದೇ ಸರಿಯಾದದ್ದು ಎಂದು ಗೊತ್ತಿತ್ತು, ಭಾರ ಎಂದು ಬಿಟ್ಟು ಬಂದೆ ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ.

ಅವರು ಕಾಫಿ ಲೋಟವನ್ನು ಕೆಳಗಿಟ್ಟರು.

"ಕಣ್ಣು ತಾನೇ ಹೋಗಿದ್ದದ್ದು," ಎಂದರು. "ಕೈ ಗಟ್ಟಿ ಇತ್ತಲ್ಲಯ್ಯ. ಬಾ ಅಂದಿದ್ರೆ ನಾನೂ ಬಂದು ಒಂದು ಕಡೆ ಹಿಡ್ಕೋತಿದ್ದೆ."