ನಮಗ ಯಾಕ ಕೊಟ್ಟಿ?

ಬೋರ್‌ವೆಲ್ ಗಾಡಿಯ ಅಬ್ಬರದ ನಡುವೆ ನೀರು ಮೇಲಕ್ಕೆ ಚಿಮ್ಮಿದ್ದೇ ತಡ, ಪಕ್ಕದ ಮನೆಯ ಮಾರ್ಥಾ ಟೀಚರ್ ತಲೆಯ ಮೇಲೆ ಸೆರಗು ಹೊದ್ದು ಆ ಕೆಸರಿನಲ್ಲೇ ಮೊಣಕಾಲೂರಿದರು.

"ಯೇಸಪ್ಪಾ, ನಮಗ ಯಾಕ ಕೊಟ್ಟಿ? ಅಂಥಾದ್ದೇನ ಮಾಡೇವಿ ನಾವು?" ಎಂದು ಅಳತೊಡಗಿದರು.

ಗೋಡೆಯ ಈಚೆ ನಿಂತಿದ್ದ ನನಗೆ ಅರ್ಥವಾಗಲಿಲ್ಲ. ಹೆಸರಿಗಷ್ಟೇ ಜಲನಗರವಾದ ನಮ್ಮ ಬಡಾವಣೆಯಲ್ಲಿ ನೀರು ಬಿದ್ದರೆ ಕುಣಿಯಬೇಕು, ಇವರೇಕೆ ಹೀಗೆ ಕೇಳುತ್ತಿದ್ದಾರೆ? ಹಿಂದಿನ ವಾರವಷ್ಟೇ ನಾವು ತೊರವಿಯಿಂದ ನೀರು ನೋಡುವವರನ್ನು ಕರೆಸಿ, ಅವರ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತ ಜಾಗದಲ್ಲೇ ಪೂಜೆ ಮಾಡಿ ಕೊರೆಸಿದ್ದೆವು. ಬರೀ ಧೂಳು ಬಂತು. ಟೀಚರ್ ಕೊರೆಸಿದ್ದು ಬಟ್ಟೆ ಒಗೆಯುವ ಕಲ್ಲು ಸರಿಸಿದಾಗ ಸಿಕ್ಕ ಮೂಲೆಯಲ್ಲಿ!

ಮರುದಿನ ಅವರು ಪ್ಲಂಬರನನ್ನು ಕರೆದುಕೊಂಡು ನಮ್ಮ ಅಂಗಳಕ್ಕೇ ಬಂದರು. ಪೈಪನ್ನು ಗೋಡೆ ದಾಟಿಸಿ ನಮಗೂ ಒಂದು ನಳ ಹಾಕಿಸುತ್ತಾರಂತೆ. ನಾನು ಬೇಡವೆಂದೆ.

"ನಾ ಗಳಿಸಿದ್ದಿದ್ರ ನಂದು ಅಂತಿದ್ದೆ ಅಕ್ಕಾರ. ಪುಕ್ಕಟ ಸಿಕ್ಕದ್ದನ್ನ ಒಬ್ಬಾಕಿನ ಹೆಂಗ ಇಟ್ಕೊಳ್ಳಲ್ರಿ?"

ಕಷ್ಟ ಬಂದಾಗ ‘ನನಗೇ ಯಾಕೆ’ ಎಂದು ದೇವರನ್ನು ಎಷ್ಟೋ ಸಲ ಕೇಳಿದ್ದೇನೆ. ಈಗ ಬೆಳಿಗ್ಗೆ ನಳ ತಿರುವಿ, ಕೊಡಕ್ಕೆ ನೀರು ಬೀಳುವಾಗಲೂ ಬಾಯಿಗೆ ಅದೇ ಮಾತು ಬರುತ್ತದೆ.