ಗೋವಾದ್ದು ಬ್ಯಾರೆ ಸಮುದ್ರ

ನೀಲಿ ಬ್ಯಾಗಿಗೆ ಇನ್ನೂ ಶೇಂಗಾ ಚಟ್ನಿಯ ವಾಸನೆ ಇದೆ. ಹುಕ್ಕೇರಿಯಲ್ಲಿ ನನ್ನ ಅಣ್ಣನ ಮೊಮ್ಮಗನ ಜವಳ. ಎರಡು ಸೀರೆ ತುರುಕಲು ಇದು ಸಾಕೆಂದು ಬೆಳಿಗ್ಗೆ ಅಟ್ಟದಿಂದ ಇಳಿಸಿ ಝಾಡಿಸಿದೆ. ನೆಲದ ಮೇಲೆ ಒಂದಿಷ್ಟು ಮರಳು ಉದುರಿತು. ಬೆಳ್ಳಗೆ, ನುಣ್ಣಗೆ, ನಮ್ಮ ಹೊಳೆಯ ಮರಳಲ್ಲ. ಕಸಬರಿಗೆ ಕೈಗೆತ್ತಿಕೊಂಡವಳು ಹಾಗೇ ಕುಳಿತುಬಿಟ್ಟೆ. ನೀವೂ ಸ್ವಲ್ಪ ಕೂಡಿ. ಆ ಬಸ್ಸು ತಪ್ಪಿದರೆ ಘಟಪ್ರಭಾಕ್ಕೆ ಹೋಗಿ ಇನ್ನೊಂದು ಹಿಡಿದರಾಯಿತು ಎಂದುಕೊಂಡಿದ್ದೆ.

ನಾವು ಗಂಡ ಹೆಂಡತಿ ಅಂಡಮಾನಿಗೆ ಹೋಗಿ ಬಂದವರು ಎಂದರೆ ಈಗಲೂ ಯಾರೂ ನಂಬುವುದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ನಾನೂ ನಂಬಲಾರೆ. ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರೆಂದರೆ ಹಿಡಕಲ್ ಡ್ಯಾಮು, ಏರಿದ ದೊಡ್ಡ ವಾಹನ ಮೂಡಲಗಿಗೆ ಹೋಗುವ ಬಸ್ಸು. ವಿಮಾನದಲ್ಲಿ ಬೆಲ್ಟು ಹಾಕಲು ಬಾರದೆ ಅದಕ್ಕೆ ಸೆರಗಿನ ಚುಂಗು ಸೇರಿಸಿ ಗಂಟು ಹಾಕಿಕೊಂಡು ಕುಳಿತಿದ್ದೆ.

ಊರಿನ ಬಾಯಿಗೆ ಮುಚ್ಚಳ ಹಾಕಲಾದೀತೆ? "ಮಗಳು ಹೋಗಿ ವರ್ಷ ಆಗಿಲ್ಲ, ಗಂಡ ಹೆಂಡ್ತಿ ಮಜಾ ಮಾಡಾಕ ಹೊಂಟಾರ" ಎಂದು ಬಾಜೂ ಮನೆಯ ಗಂಗವ್ವ ನನಗೆ ಕೇಳಲೆಂದೇ ಅಂದಳು.

ಪಾರು ನಮಗೆ ಒಬ್ಬಳೇ. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಮಳೆ ಹೆಚ್ಚಾಗಿ ರಜೆ ಕೊಟ್ಟರೆಂದು ಮನೆಗೆ ಬಂದಿದ್ದಳು. ಹೊಳೆ ಹಿತ್ತಲಿಗೆ ಬಂದಾಗ ನಾವೆಲ್ಲ ದಿನ್ನೆಯ ಮೇಲಿನ ಶಾಲೆಗೆ ಹೊರಟೆವು. "ಎಮ್ಮಿ ಹಗ್ಗ ಬಿಚ್ಚಿ ಬರ್ತೇನಿ, ನಡೀರಿ ನೀವು" ಎಂದು ಹಿಂದಕ್ಕೆ ಓಡಿದಳು. ಬಿಚ್ಚಿದ್ದಳು, ನೀರು ಇಳಿದ ಮೇಲೆ ಎಮ್ಮೆ ತಾನಾಗಿ ಮನೆಗೆ ಬಂತು. ಪಾರು ಬರಲಿಲ್ಲ. ಹೊಳೆಯ ಗುಂಟ ಹುಡುಕಿದರು, ಮುಳ್ಳುಕಂಟಿಗಳನ್ನೆಲ್ಲ ಸರಿಸಿ ನೋಡಿದರು. ಹೆಣವೂ ಸಿಗಲಿಲ್ಲ. ಇದನ್ನು ಮೆತ್ತಗೆ ಹೇಳುವ ಮಾತು ನನಗೆ ಗೊತ್ತಿಲ್ಲ.

ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ಆಮೇಲೆಯೇ ದಿವಸದ ಕಾರ್ಯ, ಆಮೇಲೆಯೇ ಒಲೆ ಹೊತ್ತಿಸಿ ಬದುಕುವುದು. ಹೊಲದ ಬದುವಿನಲ್ಲಿ ಕುಣಿ ತೋಡಿ, ಅವಳ ಬಟ್ಟೆಯನ್ನಾದರೂ ಇಟ್ಟು ಮಣ್ಣು ಕೊಡೋಣವೆಂದು ಹಿರಿಯರು ಜಾಗ ತೋರಿಸಿದರು. ನಾನೂ ಕೈಮುಗಿದು ಬೇಡಿಕೊಂಡೆ. ನಮ್ಮ ಯಜಮಾನರು ಒಪ್ಪಲಿಲ್ಲ. "ಬಟ್ಟಿ-ಅರಿವಿಗಿ ಮಣ್ಣ ಕೊಡ್ತಾರೇನು?" ಎಂದವರು ಆಮೇಲೆ ಬಾಯಿಯನ್ನೇ ತೆರೆಯಲಿಲ್ಲ.

ಹೀಗೆ ಗೋಡೆ ನೋಡುತ್ತ ಕುಳಿತರೆ ಹುಚ್ಚು ಹಿಡಿದೀತೆಂದು ಅಣ್ಣನಿಗೆ ಹೆದರಿಕೆ. "ಗೋವಾ ಇಲ್ಲೇ ಐತಲ್ರಿ, ಮುಂಜಾನಿ ಹೊಂಟ್ರ ಮಧ್ಯಾಹ್ನಕ್ಕ ಸಮುದ್ರ. ಹೋಗಿ ಬರ್ರಿ" ಎಂದ. ಆಗ ಇವರು, "ಗೋವಾ ಬ್ಯಾಡ. ಅಂಡಮಾನಿಗಿ ಹೋಗೂಣು" ಎಂದರು. ಅಣ್ಣ ನನ್ನ ಮುಖ ನೋಡಿದ. ಏನೋ ಒಂದು ಬೇಕೆಂದರಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಟಿಕೆಟ್ ಮಾಡಿಸಿದವನು ಅಗ್ಗವೆಂದು ನಮ್ಮನ್ನು ಹನಿಮೂನ್ ಪ್ಯಾಕೇಜಿಗೆ ಸೇರಿಸಿದ್ದ. ದ್ವೀಪದ ಲಾಡ್ಜಿನ ಕೋಣೆ ತೆರೆದರೆ ಹಾಸಿಗೆಯ ಮೇಲೆ ಟವೆಲಿನಲ್ಲಿ ಮಾಡಿದ ಜೋಡಿ ಹಂಸ, ಸುತ್ತ ಹೂವಿನ ಎಸಳು. ಮೊಣಕಾಲು ನೋವಿನ ಮದುಮಗಳು ನಾನು! ನಗು ಬಂತು, ನಗುತ್ತಿದ್ದಂತೆ ಅಳು ಬಂತು. ಇವರು ಮಡಿಕೆ ಕೆಡದಂತೆ ಹಂಸಗಳನ್ನು ಎತ್ತಿ ಕುರ್ಚಿಯ ಮೇಲಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದರು.

ಮರುದಿನದಿಂದ ತಿರುಗಾಟ. ಜನ ಸೇರುವ ದಂಡೆ ಇವರಿಗೆ ಬೇಡ. ಯಾರೂ ಬರದ ಕಡೆ ಬಿಡು ಎಂದು ಆಟೋದವನಿಗೆ ಹರಕು ಹಿಂದಿಯಲ್ಲಿ ಹೇಳುತ್ತಿದ್ದರು. ಕಾಡು ದಾಟಿ, ಬಿದ್ದ ಮರ ದಾಟಿದರೆ ಒಂದು ನಿರ್ಜನ ದಂಡೆ. ನೀರು ನವಿಲಿನ ಕತ್ತಿನ ಬಣ್ಣ. ನನಗೆ ಆ ಚೆಲುವಿನ ಮೇಲೆ ಸಿಟ್ಟೇ ಬಂತು. ಪಾರು ನೋಡಬೇಕಾದದ್ದನ್ನು ನಾನು ನೋಡುತ್ತಿದ್ದೆ. ಇವರು ನೀರಿನ ಕಡೆ ನೋಡುತ್ತಲೇ ಇರಲಿಲ್ಲ. ಅದು ಹಿಂದೆ ಸರಿಯುವವರೆಗೆ ಕಾದು, ಬಿಟ್ಟುಹೋದದ್ದರ ಗುಂಟ ತಲೆ ಬಗ್ಗಿಸಿ ನಡೆಯುತ್ತಿದ್ದರು. ಬಾಟಲಿ, ತೆಂಗಿನ ಸಿಪ್ಪೆ, ಒಂಟಿ ಚಪ್ಪಲಿ. ಚಪ್ಪಲಿ ಕಂಡರೆ ಕುಕ್ಕರಗಾಲಲ್ಲಿ ಕೂತು ತಿರುಗಿಸಿ ನೋಡುತ್ತಿದ್ದರು.

ಊಟಕ್ಕೆ ದಂಡೆಯ ಸಣ್ಣ ಹೋಟೆಲುಗಳು, ಎಲ್ಲ ಕಡೆ ಮೀನು. ಮೊದಲೆಲ್ಲ ಹೊಳೆಮೀನಿನ ಸಾರಿಗೆ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ ಮನುಷ್ಯ ಆ ಮಳೆಗಾಲದ ನಂತರ ಮೀನು ಮುಟ್ಟಿಲ್ಲ. ಯಾಕೆಂದು ನಾನು ಕೇಳಿಲ್ಲ, ನೀವೂ ಕೇಳಬೇಡಿ. ಹೋಟೆಲಿನ ಬಂಗಾಳಿ ಹೆಂಗಸು ಹುರಿದ ಮೀನನ್ನು ಪ್ರೀತಿಯಿಂದ ಮುಂದಿಟ್ಟಾಗ ಇವರು ಎದ್ದು ಹೊರಗೆ ನಡೆದರು. ಊರಿಂದ ತಂದ ಕಡಕ್ ರೊಟ್ಟಿ, ಚಟ್ನಿ ಹಿಡಿದು ನಾನೂ ಹಿಂದೆ ಹೋದೆ. ಮರಳಿನಲ್ಲಿ ಪಕ್ಕ ಕೂತು ಕೇಳಿದೆ.

"ಏನ ಹುಡುಕಾಕತ್ತೀರಿ?"

ಇವರು ಮರಳಿನ ಮೇಲೆ ಬೆರಳಿನಿಂದ ಉದ್ದಕ್ಕೆ ಒಂದು ಗೆರೆ ಎಳೆದರು. "ನಮ್ಮ ಹೊಳಿ ಕೃಷ್ಣಾಕ್ಕ ಕೂಡ್ತೈತಿ. ಕೃಷ್ಣಾ ಈ ಸಮುದ್ರಕ್ಕ ಬರ್ತೈತಿ. ಗೋವಾದ್ದು ಬ್ಯಾರೆ ಸಮುದ್ರ."

ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. "ಸಿಕ್ಕರ ಏನ್ ಮಾಡ್ತೀರಿ?" ಎಂದು ಚೀರಿದೆ.

ಅಂಗಿಯ ಒಳಗಿನ ಕಿಸೆಯಿಂದ ಒಂದು ಬಟ್ಟೆಯ ಗಂಟು ತೆಗೆದರು. ನಮ್ಮ ಹೊಲದ ಕರಿ ಮಣ್ಣು. "ಮಣ್ಣ ಕೊಡ್ತೇನಿ."

"ಹಂಗಾರ ಇಲ್ಲೇ ಕೊಡ್ರಿ. ಇಬ್ಬರೂ ಕೂಡಿ ಕೊಡೂಣು."

"ಸಿಗದ ಹ್ಯಾಂಗ ಕೊಡ್ಲಿ? ಕೊಟ್ರ ಆಕಿ ಇಲ್ಲಂತ ನಾವ ಹೇಳಿದಂಗ ಆಕ್ಕೈತಿ."

ಗಂಟು ಮತ್ತೆ ಕಿಸೆಗೆ ಹೋಯಿತು.

ಊರಿಗೆ ಬಂದ ಮೇಲೆ ಎಷ್ಟೋ ಮಳೆಗಾಲ ಕಳೆದವು. ಆ ಆಸೆಯನ್ನು ನನ್ನ ಕೈಯಾರೆ ಮುರಿಯಬಾರದೆಂದು ನಾನು ಮಣ್ಣಿನ ಮಾತು ತೆಗೆಯಲಿಲ್ಲ. ಹಿತ್ತಲಿನಲ್ಲಿ ಒಬ್ಬಳೇ ಅತ್ತು, ಕಣ್ಣೊರೆಸಿಕೊಂಡು ಒಳಗೆ ಬರುತ್ತಿದ್ದೆ. ಇವರ ತಲೆ ಕೆಟ್ಟಿದೆ ಎಂದೇ ತಿಳಿದಿದ್ದೆ.

ಇವತ್ತು ಬೆಳಿಗ್ಗೆ, ಮರಳು ಎಲ್ಲಿಂದ ಉದುರಿತೆಂದು ಬ್ಯಾಗಿನ ಬದಿಯ ಕಿಸೆಗೆ ಕೈ ಹಾಕಿದೆ. ಅದೇ ಗಂಟು. ಬಿಚ್ಚಿದರೆ ಕರಿ ಮಣ್ಣಿಲ್ಲ, ಅದರ ತುಂಬ ಬಿಳಿ ಮರಳು. ಕೊನೆಯ ದಿನ ನಾನು ಏಳುವ ಮೊದಲೇ ಇವರು ಎಲ್ಲಿಗೋ ಹೋಗಿ, ಮೊಣಕಾಲಿನವರೆಗೆ ತೊಯ್ದ ಪ್ಯಾಂಟಿನಲ್ಲಿ ಬಂದದ್ದು ಆಗ ನೆನಪಾಯಿತು. ಕೊಟ್ಟಿದ್ದರು. ಒಬ್ಬರೇ ಕೊಟ್ಟು ಬಂದಿದ್ದರು.

ಇವರು ಕೊಟ್ಟಿಗೆಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದರು. "ನನಗೂ ಒಂದ್ ಹಿಡಿ ಮಣ್ಣ ಉಳಸಬೇಕಿತ್ತಲ್ರಿ" ಎಂದೆ.

ಗಂಟು ನೋಡಿ ಮೇವಿನ ಕಟ್ಟು ಕೆಳಗಿಟ್ಟರು. "ನೀ ಇನ್ನೂ ಆಕಿ ದಾರಿ ನೋಡಾಕತ್ತೀ ಅಂತ ಸುಮ್ಮನಿದ್ದೆ. ಅದು ನಿನ್ನ ಪಾಲಿಂದು. ಆಕಿ ಇರೂ ಕಡಿಂದ ತಂದೇನಿ. ಕೊಡು, ನಿನಗ ಕೊಡಬೇಕ ಅನಿಸಿದಾಗ."

ಇಬ್ಬರೂ ಬದುವಿಗೆ ಹೋದೆವು. ಹಿರಿಯರು ತೋರಿಸಿದ್ದ ಜಾಗದಲ್ಲಿ ನಿಂತು ಮುಷ್ಟಿ ತುಂಬ ಮರಳು ಹಿಡಿದೆ. ಮಣ್ಣು ಕೊಡೋಣವೆಂದು ಕೈಮುಗಿದಿದ್ದವಳು ನಾನೇ. ಮುಷ್ಟಿ ಬಿಚ್ಚಲು ಆಗಲಿಲ್ಲ. ಇವರು ಗಂಟಿನ ಬಾಯಿ ಅಗಲಿಸಿ ನನ್ನ ಮುಷ್ಟಿಯ ಕೆಳಗೆ ಹಿಡಿದರು.

ಗಂಟು ಕಟ್ಟಿಕೊಂಡು ತಿರುಗಿ ಬಂದೆವು. ಹುಕ್ಕೇರಿಗೆ ನಾನು ಹೋಗಲಿಲ್ಲ. ನೆಲದ ಮೇಲೆ ಉದುರಿದ್ದ ಮರಳಿನ ಮುಂದೆ ಇವರು ಕೂತು, ಬೆರಳು ಒದ್ದೆ ಮಾಡಿಕೊಂಡು, ಒಂದೊಂದೇ ಹರಳನ್ನು ಅಂಟಿಸಿ ತೆಗೆದು ಗಂಟಿಗೆ ಹಾಕಿದರು.