ತಂಗಿಗೆ ಕೊಟ್ಟ ಭಾರದ ಚೀಲ

ಮಿಲಿಟರಿಯವರಿಗೆ ಬೇಡವಾದ ಸ್ಲೀಪಿಂಗ್ ಬ್ಯಾಗುಗಳನ್ನು ಹರಾಜಿನಲ್ಲಿ ಹಿಡಿದು, ಒಗೆದು, ಹರಿದದ್ದನ್ನು ಹೊಲಿದು ಮಾರುವ ಹೆಂಗಸೊಬ್ಬಳು ನಮ್ಮ ಬೀದಿಯಲ್ಲಿದ್ದಾಳೆ. ಎಲ್ಲರ ಬಾಯಲ್ಲೂ ಅವಳು ಚೀಲದಕ್ಕ. ಕಾರ್ಖಾನೆ ಗೇಟಿನ ಮುಂದೆ ಚಳಿಗಾಲವಿಡೀ ಧರಣಿ ಕೂತಾಗ ನಮ್ಮಲ್ಲಿ ಅರ್ಧ ಜನ ಮಲಗಿದ್ದು ಅವಳ ಚೀಲಗಳಲ್ಲೇ. ಬೆಟ್ಟದ ಮೇಲೆ ಟೆಂಟು ಹಾಕುವ ಹುಚ್ಚು ಹಿಡಿದವರೂ, ಕೈಯಲ್ಲಿ ಕಾಸಿಲ್ಲದಿದ್ದರೆ, ಅವಳ ಹತ್ತಿರವೇ ಬರುತ್ತಾರೆ. ದೊಡ್ಡ ಅಂಗಡಿಯವರು ಒಂದು ಹೊಸ ಚೀಲಕ್ಕೆ ಕೇಳುವ ಬೆಲೆಯಲ್ಲಿ ಇಲ್ಲಿ ಮನೆಮಂದಿಯೆಲ್ಲ ಬೆಚ್ಚಗೆ ಮಲಗಬಹುದು. ಬಣ್ಣ ಮಾತ್ರ ಒಂದೇ, ಪಾಚಿ ಹಸಿರು. ಒಳಗೆ ಯಾವನೋ ಸಿಪಾಯಿಯ ನಂಬರು ಮಸುಕಾಗಿ ಉಳಿದಿರುತ್ತದೆ. ಅದನ್ನು ಕಂಡು ಮೂಗು ಮುರಿದವರಿಗೆ ಅವಳದು ಒಂದೇ ಉತ್ತರ: "ಸತ್ತು ಬಿಟ್ಟಿದ್ದಲ್ಲ ಇದು, ರಿಟೈರಾಗಿ ಬಿಟ್ಟಿದ್ದು."

ಅವಳ ಅಂಗಡಿಗೆ ಮೊದಲ ಸಲ ಹೋದವರಿಗೆ ಒಂದು ವಿಚಿತ್ರ ಕಾಣುತ್ತದೆ. ಪ್ರತಿ ಚೀಲದ ಕಾಲಿನ ಕಡೆ, ಒಳಬಟ್ಟೆಯ ಹೊಲಿಗೆ ಒಂದು ಕೈ ತೂರುವಷ್ಟು ಬಿಚ್ಚಿರುತ್ತದೆ. ಗಿರಾಕಿ ಅದರೊಳಗೆ ಕೈಹಾಕಿ ನೋಡಲೇಬೇಕು. ಆಮೇಲೆಯೇ ಅವಳು ಅವರ ಎದುರಿಗೇ ಸೂಜಿ ಹಿಡಿದು ಅದನ್ನು ಮುಚ್ಚುವುದು. ಅವಸರ ಮಾಡುವವರಿಗೆ ಅವಳು ಮಾರುವುದೇ ಇಲ್ಲ.

ಮೊದಲು ಹೀಗಿರಲಿಲ್ಲ. ಆಗ ಅವಳ ತಕ್ಕಡಿ ಅವಳ ತೋಳುಗಳೇ. ಈ ಚೀಲಗಳ ಹೊಟ್ಟೆಯಲ್ಲಿರುವುದು ಬಾತುಕೋಳಿಯ ಪುಕ್ಕ. ಹಳತಾದಂತೆ ಹೊಲಿಗೆಯ ಸಂದಿಯಿಂದ ಪುಕ್ಕ ಸೋರಿಹೋಗುತ್ತದೆ, ಚೀಲ ಹಗುರಾಗುತ್ತದೆ, ಹಗುರಾದದ್ದು ಚಳಿ ತಡೆಯುವುದಿಲ್ಲ. ಹಾಗಾಗಿ ಚೀಲವನ್ನು ಎರಡೂ ತೋಳಿನ ಮೇಲೆ ಎಳೆಗೂಸಿನ ಹಾಗೆ ಮಲಗಿಸಿಕೊಂಡು ಒಮ್ಮೆ ತೂಗಿದರೆ ಅವಳ ಲೆಕ್ಕ ಮುಗಿಯಿತು. ಭಾರವಿದ್ದದ್ದು ಬೆಟ್ಟಕ್ಕೆ, ಹಗುರಿದ್ದದ್ದು ಬಯಲಿಗೆ. ಅಷ್ಟು ಕಾಲ ಆ ಲೆಕ್ಕ ತಪ್ಪಿರಲಿಲ್ಲ.

ಅವಳಿಗೊಬ್ಬಳು ತಂಗಿ, ಆಸ್ಪತ್ರೆಯಲ್ಲಿ ನರ್ಸು. ತಾಯಿ ತೀರಿಕೊಂಡ ಮೇಲೆ ಅಕ್ಕನೇ ತಲೆ ಬಾಚಿ ಶಾಲೆಗೆ ಕಳಿಸಿದ ಹುಡುಗಿ. ಹಿಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು, ತಾನು ಕೆಲಸ ಮಾಡುವ ವಾರ್ಡಿನಲ್ಲೇ ಮಲಗಿ ಎದ್ದಿದ್ದಳು. ಅಂಥವಳು ಜೊತೆಯ ನರ್ಸುಗಳನ್ನು ಕಟ್ಟಿಕೊಂಡು ಬೆಟ್ಟದ ಮೇಲೆ ರಾತ್ರಿ ಕಳೆಯಲು ಹೊರಟಳು. ಅಕ್ಕ ಬೇಡವೆಂದಳು, ಬೈದಳು, ತನ್ನ ಗಂಡನ ಕೈಲೂ ಹೇಳಿಸಿದಳು. ತಂಗಿ ನಕ್ಕುಬಿಟ್ಟಳು. ಊರಿನವರನ್ನೆಲ್ಲ ಬೆಚ್ಚಗೆ ಮಲಗಿಸುವವಳು ಒಡಹುಟ್ಟಿದವಳಿಗೆ ಮಾತ್ರ ಚಳಿಯ ಹೆದರಿಕೆ ಹಾಕುತ್ತೀಯಲ್ಲ ಎಂದಳು. ಸೋತ ಅಕ್ಕ ಹೊಸದಾಗಿ ಒಗೆದು ಒಣಗಿಸಿದ್ದ ಚೀಲಗಳನ್ನು ಒಂದೊಂದಾಗಿ ತೋಳಿನ ಮೇಲೆ ತೂಗಿ, ಎಲ್ಲಕ್ಕಿಂತ ಭಾರವಾದದ್ದನ್ನು ಎತ್ತಿಕೊಟ್ಟಳು.

ತಂಗಿ ಬೆಳಗಿನ ಬಸ್ಸಿಗೆ ಹೋದಳು. ಮಧ್ಯಾಹ್ನ ಉಂಡು ಚೀಲದಕ್ಕ ಮಿಶಿನ್ನಿನ ಮುಂದೆ ಕೂತಳು. ಕೈಗೆ ಸಿಕ್ಕಿದ್ದು ಅದೇ ಸಲ ಒಗೆದ ಇನ್ನೊಂದು ಚೀಲ. ಕಾಲಿನ ಕಡೆ ಹರಿದಿತ್ತು. ತೇಪೆ ಹಾಕಲು ಒಳಗೆ ಕೈಹಾಕಿದವಳು ಥಟ್ಟನೆ ಹೊರಗೆಳೆದುಕೊಂಡಳು. ತಣ್ಣಗಿತ್ತು. ಮತ್ತೆ ಕೈಹಾಕಿ ಒಂದು ಹಿಡಿ ಕಿತ್ತಳು. ಪುಕ್ಕ ಉದುರುದುರಾಗಿ ಬರಬೇಕಿತ್ತು, ಕಲಸಿದ ಹಿಟ್ಟಿನ ಉಂಡೆಯ ಹಾಗೆ ಬಂತು. ಹಿಂಡಿದಳು. ಅಂಗೈ ಒದ್ದೆಯಾಯಿತು.

ಒಗೆದ ಆ ವಾರ ಮೋಡ ಕವಿದಿತ್ತು. ತಾರಸಿಯ ಮೇಲೆ ಹರವಿದ ಚೀಲಗಳು ಮುಟ್ಟಿದರೆ ಗರಿಗರಿ ಅನ್ನುತ್ತಿದ್ದವು. ಮಿಲಿಟರಿ ಬಟ್ಟೆಯ ನೇಯ್ಗೆ ದಟ್ಟ. ಒಳಗಿನ ಒದ್ದೆಯನ್ನು ಅದು ಹೊರಗೆ ಹೇಳುವುದಿಲ್ಲ. ತೋಳಿನ ಮೇಲೆ ಅವಳು ತೂಗಿದ್ದು ನೀರನ್ನು. ಎಲ್ಲಕ್ಕಿಂತ ಹೆಚ್ಚು ಒದ್ದೆಯಿದ್ದದ್ದನ್ನು ಹುಡುಕಿ ಹುಡುಕಿ ತಂಗಿಗೆ ಕೊಟ್ಟಿದ್ದಳು.

ಫೋನು ಮಾಡಿದಳು, ಹೋಗಲಿಲ್ಲ. ಇನ್ನೊಬ್ಬ ನರ್ಸಿನ ನಂಬರಿಗೂ ಅದೇ ಗತಿ. ಬಸ್ಸಿನ ಡ್ರೈವರಾದ ಗಂಡನಿಗೆ ಅವತ್ತು ರಜೆ, ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದಳು. ಅವಳೇನು ಸಣ್ಣ ಮಗುವೇ, ಚಳಿಯಾದರೆ ಎದ್ದು ಬೆಂಕಿ ಕಾಯಿಸಿಕೊಳ್ಳುತ್ತಾಳೆ ಎಂದ ಅವನು. ಆ ಬೆಟ್ಟದಲ್ಲಿ ಬೆಂಕಿ ಹಾಕಲು ಬಿಡುವುದಿಲ್ಲ ಎಂದು ಅವಳು ಹೇಳಿದ ಮೇಲೆ ಚಪ್ಪಲಿ ಬಿಟ್ಟು ಬೂಟು ಹುಡುಕಿದ.

ಅಂಗಡಿಯ ಮೂಲೆಯಲ್ಲಿ ನೈಲಾನ್ ಹತ್ತಿ ತುಂಬಿದ ಚೀಲವೊಂದಿತ್ತು. ಗಂಟುಗಂಟಾಗಿ, ಯಾರಿಗೂ ಬೇಡವಾಗಿ ಬಿದ್ದಿತ್ತು. ಆದರೆ ಒಣಗಿತ್ತು. ಅದನ್ನೇ ಎತ್ತಿಕೊಂಡರು.

ಬಸ್ಸಿನಲ್ಲಿ ಗಂಡ ಡ್ರೈವರನ ಗೇರು ಹಾಕುವ ರೀತಿಯನ್ನು ದಾರಿಯುದ್ದಕ್ಕೂ ಬೈದ. ಅವಳ ಕಣ್ಣು ಕಿಟಕಿಯಾಚೆ ಸೂರ್ಯನ ಮೇಲಿತ್ತು. ಪ್ರತಿ ತಿರುವಿಗೂ ಸೂರ್ಯ ಇಷ್ಟಿಷ್ಟೇ ಜಾರುತ್ತಿದ್ದ. ಯಾರೋ ಹತ್ತಿದರೆ, ಯಾರೋ ಚಿಲ್ಲರೆಗೆ ತಡಕಾಡಿದರೆ ಅವರನ್ನು ನೂಕಿಬಿಡುವಷ್ಟು ಸಿಟ್ಟು ಬರುತ್ತಿತ್ತು.

ಬೆಟ್ಟ ಹತ್ತುವಾಗ ಗಂಡನ ಮಂಡಿ ಕೈಕೊಟ್ಟಿತು. ಕೂತುಬಿಟ್ಟ. "ಸ್ಟೇರಿಂಗ್ ಇಲ್ದೆ ನಿಮಗೆ ನಡೆಯೋಕೇ ಬರಲ್ಲ, ನಿಧಾನ ಬನ್ನಿ" ಎಂದು ಅವಳು ಚೀಲ ಬೆನ್ನಿಗೆ ಕಟ್ಟಿಕೊಂಡು ಮುಂದೆ ನಡೆದಳು. ಇಳಿದು ಬರುತ್ತಿದ್ದವರನ್ನೆಲ್ಲ ತಡೆದು ಕೇಳಿದಳು. ಹೆಚ್ಚಿನವರು ಯಾರನ್ನೂ ನೋಡಿರಲಿಲ್ಲ. ಕೊನೆಗೆ ಒಬ್ಬ ಮುದುಕ, ಮೇಲೆ ಹೊಂಡದ ಪಕ್ಕ ಹೆಣ್ಣುಮಕ್ಕಳು ಟೆಂಟು ಹಾಕಿದ್ದಾರೆ, ಅದರಲ್ಲಿ ಒಬ್ಬಳು ತುಂಬ ಕೆಮ್ಮುತ್ತಿದ್ದಾಳೆ ಎಂದ. ಅಲ್ಲಿಂದ ಮುಂದೆ ದಾರಿ ಹೇಗಿತ್ತು ಎನ್ನುವುದು ಅವಳಿಗೆ ನೆನಪಿಲ್ಲ.

ಮುಟ್ಟಿದಾಗ ಸೂರ್ಯ ಮುಳುಗಿ ಗಾಳಿ ಎದ್ದಿತ್ತು. ತಂಗಿ ಟೆಂಟಿನ ಬಾಯಲ್ಲಿ, ಕುತ್ತಿಗೆಯವರೆಗೂ ಚೀಲದೊಳಗೆ ಹೊಕ್ಕು ಕೂತಿದ್ದಳು. ಅಕ್ಕನನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು.

"ಅಕ್ಕ, ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಅದರಿಂದ ಹೊರಗೆ ಬಾ."

"ಈಗಿನ್ನೂ ಬೆಚ್ಚಗಾಗ್ತಾ ಇದೆ ಅಂದ್ಕೊಂಡೆ."

"ನಿನ್ನ ಮೈ ಬಿಸಿನ ಅದು ಕುಡೀತಾ ಇದೆ. ಬಾ ಅಂದೆನಲ್ಲ."

ಜಿಪ್ಪು ಎಳೆದು ಅವಳನ್ನು ಹೊರಗೆ ತೆಗೆದು, ಒಣ ಚೀಲದೊಳಗೆ ತುರುಕಿ, ಆ ಹಳೆಯದರ ಹೊಲಿಗೆಯನ್ನು ಹಲ್ಲಿನಿಂದ ಕಿತ್ತಳು. ಒದ್ದೆ ಪುಕ್ಕದ ಉಂಡೆಯೊಂದನ್ನು ತೆಗೆದು ತಂಗಿಯ ಅಂಗೈಗಿಟ್ಟಳು. ತಂಗಿ ಅದನ್ನು ಹಿಚುಕಿ ನೋಡುತ್ತ ಕೂತಳು.

"ಹೊತ್ತು ತರೋಕೆ ಭುಜ ಬಿದ್ದೇ ಹೋಯ್ತು" ಎಂದಳು. "ಇವರೆಲ್ಲ ನನ್ನ ನೋಡಿ ನಗ್ತಾ ಇದ್ರು. ಇಷ್ಟು ಭಾರ ಇದೆ ಅಂದ್ರೆ ನಮ್ಮಕ್ಕ ಒಳ್ಳೇದನ್ನೇ ಆರಿಸಿ ಕೊಟ್ಟಿದಾಳೆ ಅಂದೆ."

ಚೀಲದಕ್ಕ ತಂಗಿಯ ಒದ್ದೆ ಅಂಗೈಯನ್ನು ಸೆರಗಿನಿಂದ ಒರೆಸಿದಳು.

ಗಂಡ ಏದುಸಿರು ಬಿಡುತ್ತ ಬಂದು ಸೇರಿದ. ಕೊನೆಯ ಬಸ್ಸು ತಪ್ಪಿತ್ತು. ನರ್ಸುಗಳು ಕೊಟ್ಟ ಶಾಲುಗಳನ್ನೆಲ್ಲ ಸುತ್ತಿಕೊಂಡು, ಬಾಣಂತಿಯ ಹಾಗೆ ಕೂತು, ಹರಾಜು ಹಾಕಿದ ಮಿಲಿಟರಿಯವರನ್ನು ನಿದ್ದೆ ಹತ್ತುವವರೆಗೂ ಬೈದ. ಅಕ್ಕತಂಗಿಯರು ಒಣ ಚೀಲವನ್ನು ಪೂರ್ತಿ ಬಿಚ್ಚಿ ದುಪ್ಪಟಿಯ ಹಾಗೆ ಒಟ್ಟಿಗೇ ಹೊದ್ದರು. ಅಷ್ಟು ವರ್ಷ ಬೆಟ್ಟದವರಿಗೆ ಚೀಲ ಮಾರಿದವಳು ಬೆಟ್ಟದಲ್ಲಿ ಮಲಗಿದ್ದು ಅದೇ ಮೊದಲು. ಮಲಗಿದ್ದು ಅಷ್ಟೇ. ತಂಗಿ ಕೆಮ್ಮಿದಾಗಲೆಲ್ಲ ಹಣೆ ಮುಟ್ಟಿ ನೋಡಿದಳು. ಬೆಳಗಾದಾಗ ಹಣೆ ತಣ್ಣಗೇ ಇತ್ತು. ಕೆಮ್ಮು ಇನ್ನೂ ಸ್ವಲ್ಪ ದಿನ ಇದ್ದು ಹೋಯಿತು.

ಊರಿಗೆ ಬಂದವಳೇ ಆ ಸಲದ ಚೀಲಗಳನ್ನೆಲ್ಲ ಎಳೆದುಹಾಕಿ, ಹೊಲಿಗೆ ಬಿಚ್ಚಿ, ಪುಕ್ಕವನ್ನು ಬೆರಳಲ್ಲಿ ಬಿಡಿಸಿ ಬಿಸಿಲಿಗೆ ಹರವಿದಳು. ಗಾಳಿಗೆ ಬೀದಿಯೆಲ್ಲ ಪುಕ್ಕ. ನಮ್ಮ ಮನೆಯ ಸಾರಿನಲ್ಲೂ ಒಂದು ಸಿಕ್ಕಿತು. ಕೈ ತೂರುವ ಕಂಡಿ ಶುರುವಾದದ್ದು ಅವತ್ತಿನಿಂದ.

ಆದರೆ ಎಣಿಸಿದಾಗ ಎರಡು ಚೀಲ ಕಡಿಮೆ ಬಂದಿದ್ದವು. ಅವಳು ಬೆಟ್ಟಕ್ಕೆ ಹೋಗುವ ಮೊದಲೇ ಯಾರೋ ಗುರುತಿಲ್ಲದವರು ಒಯ್ದಿದ್ದರು. ಭಾರವಿದೆ ಎಂದು ಅವಳೇ ಹೊಗಳಿ ಕೊಟ್ಟಿದ್ದಳು. ಅವರು ಎಲ್ಲಿಗೆ ಹೋದರೋ, ಹೇಗೆ ಮಲಗಿದರೋ, ವಾಪಸು ಬಂದರೋ ಗೊತ್ತಿಲ್ಲ. ಕೇಳಲು ಹೆಸರೂ ಗೊತ್ತಿಲ್ಲ. ಇವತ್ತಿಗೂ ಯಾರಾದರೂ ಕೆಮ್ಮುತ್ತ ಅಂಗಡಿಯೊಳಗೆ ಕಾಲಿಟ್ಟರೆ ಅವಳ ಸೂಜಿ ಅಲ್ಲೇ ನಿಲ್ಲುತ್ತದೆ. ಏನು ಬೇಕು ಎಂದು ಕೇಳುವುದಿಲ್ಲ. "ಮೊದಲು ನನ್ನ ಹತ್ರ ಚೀಲ ತಗೊಂಡಿದ್ರಾ?" ಎಂದು ಕೇಳುತ್ತಾಳೆ, ಇಲ್ಲ ಎನ್ನುವವರೆಗೂ ಅವರ ಮುಖವನ್ನೇ ನೋಡುತ್ತಾಳೆ.